ಒಂದೇ ವೈ-ಫೈ, ಎಲ್ಲರ ಹೊಣೆ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣದ ಬರಹರೂಪ)



ಬಂದ ಹಣ, ಕೊಟ್ಟ ಹಣದ ಲೆಕ್ಕವನ್ನು ಪ್ರತಿವರ್ಷ ಈ ಸಭೆಯಲ್ಲಿ ಒಪ್ಪಿಸುತ್ತೇವೆ. ಈ ಬಾರಿಯ ಲೆಕ್ಕ ವರದಿಯ ಮುಂದಿನ ಪುಟಗಳಲ್ಲಿದೆ. ಆದರೆ ಆ ಪುಟಗಳಲ್ಲಿ ಕಾಣದ ಒಂದು ನಷ್ಟ ಈ ವರ್ಷ ಆಗಿದೆ. ಅದರಲ್ಲಿ ನಮ್ಮ ಪಾಲಿನ ತಪ್ಪೂ ಇದೆ. ಅದನ್ನು ನಿಮ್ಮ ಮುಂದೆ ಹೇಳದೆ ಬರೀ ಲೆಕ್ಕ ಓದಿದರೆ ಅಮಾನತ್ ಪೂರ್ತಿಯಾಗುವುದಿಲ್ಲ.

ದಾನಿಗಳು ಬಳಸಿ ಕೊಟ್ಟ ಲ್ಯಾಪ್‌ಟಾಪ್‌ಗಳನ್ನು ನಾವು ವಿದ್ಯಾರ್ಥಿಗಳಿಗೆ ತಲುಪಿಸುತ್ತಾ ಬಂದಿದ್ದೇವೆ. ಅಂಥ ಒಂದು ಲ್ಯಾಪ್‌ಟಾಪ್ ಡಿಪ್ಲೊಮಾ ಓದುವ ಹುಡುಗಿಯೊಬ್ಬಳ ಮನೆಗೆ ಹೋಯಿತು. ಅವಳ ಮನೆಗೂ ಪಕ್ಕದ ಚಿಕ್ಕಪ್ಪನ ಮನೆಗೂ ವೈ-ಫೈ ಒಂದೇ. ಚಿಕ್ಕಪ್ಪನ ಕಂಪ್ಯೂಟರ್‌ನಲ್ಲಿ ಅಂಗಡಿಯ ಉದ್ರಿ ಲೆಕ್ಕವಿತ್ತು. ಸ್ಕ್ಯಾನ್ ಮಾಡಿದ ಕಾಗದಗಳನ್ನು ಎರಡೂ ಮನೆಯವರು ತೆಗೆದುಕೊಳ್ಳಲಿ ಎಂದು ಅವರು ಅದರ ಫೋಲ್ಡರ್‌ಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದರು.

ಒಂದು ದಿನ ಹುಡುಗಿ ಪ್ರಾಜೆಕ್ಟ್ ಪ್ರಿಂಟ್ ಮಾಡಿಸಿ ಬಂದು ಪೆನ್‌ಡ್ರೈವ್ ಹಾಕಿದಳು. ಫೋಲ್ಡರ್‌ನಂತೆ ಕಂಡದ್ದನ್ನು ಒತ್ತಿದಳು. ಅದು ಫೋಲ್ಡರ್ ಆಗಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವಳ ಫೈಲ್‌ಗಳಿಗೆ ಬೀಗ ಬಿತ್ತು. ಬಿಡಿಸಲು ಹಣ ಕೊಡಿ ಎಂಬ ಸಂದೇಶ ಬಂತು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಇಂಥ ವೈರಸ್‌ಗೆ ರ್ಯಾನ್ಸಮ್‌ವೇರ್ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಚಿಕ್ಕಪ್ಪನ ಅಂಗಡಿ ಲೆಕ್ಕವೂ ತೆರೆಯಲಿಲ್ಲ. ಅದೇ ವೈ-ಫೈಯಲ್ಲಿದ್ದ ಅಣ್ಣನ ಕಂಪ್ಯೂಟರ್‌ಗೆ ಮಾತ್ರ ಏನೂ ಆಗಲಿಲ್ಲ.

ಮನೆಯಲ್ಲಿ ಎಲ್ಲರೂ ಹುಡುಗಿಯನ್ನೇ ದೂರಿದರು. ಅವಳು ಲ್ಯಾಪ್‌ಟಾಪ್ ನಮಗೆ ಮರಳಿಸಲು ಬಂದಳು. ಪರಿಣತರಿಂದ ನೋಡಿಸಿದಾಗ ತಿಳಿದದ್ದು ಇಷ್ಟು: ಆ ಲ್ಯಾಪ್‌ಟಾಪ್‌ಗೆ ವರ್ಷಗಳಿಂದ ಅಪ್‌ಡೇಟ್ ಆಗಿರಲಿಲ್ಲ, ಆಂಟಿವೈರಸ್ ಅವಧಿ ಎಂದೋ ಮುಗಿದಿತ್ತು. ಅದನ್ನು ಹಾಗೆಯೇ ಕೊಟ್ಟವರು ನಾವು. ಮೊದಲ ತಪ್ಪು ನಮ್ಮದು ಎಂದು ಆ ಮನೆಗೆ ಹೋಗಿ ಹೇಳಿ ಬಂದೆವು. ಇಲ್ಲಿಯೂ ಹೇಳುತ್ತಿದ್ದೇವೆ.

ಅಂದು ಚಿಕ್ಕಪ್ಪ ಕೇಳಿದ ಪ್ರಶ್ನೆ ಇದು: "ಆ ಪೆನ್‌ಡ್ರೈವ್ ನಾನು ಮುಟ್ಟಿಯೇ ಇಲ್ಲ. ನನ್ನ ಕಂಪ್ಯೂಟರ್‌ಗೆ ಹೇಗೆ ಬಂತು?" ಇದಕ್ಕೆ ಉತ್ತರ ನಮ್ಮೆಲ್ಲರ ಮನೆಗೂ ಬೇಕು.

ವೈ-ಫೈ ರೂಟರ್ ವಠಾರದ ಗೇಟಿನ ಕಾವಲುಗಾರನಂತೆ. ಹೊರಗಿನ ಅಪರಿಚಿತರನ್ನು ಅದು ಸಾಮಾನ್ಯವಾಗಿ ತಡೆಯುತ್ತದೆ. ಆದರೆ ವಠಾರದ ಒಳಗಿನವರು ಒಬ್ಬರನ್ನೊಬ್ಬರು ನಂಬಿ ಹಿತ್ತಿಲ ಬಾಗಿಲು ತೆರೆದಿಟ್ಟಿರುತ್ತಾರೆ. ವೈರಸ್ ಒಂದು ಕಂಪ್ಯೂಟರ್ ಹೊಕ್ಕಿತೆಂದರೆ ಅದು ಗೇಟು ದಾಟಿ ಆಯಿತು. ಅಲ್ಲಿಂದ ಮುಂದೆ ಅದಕ್ಕೆ ಮುಖ್ಯವಾಗಿ ಮೂರು ದಾರಿ.

ಮೊದಲನೆಯದು ಹಂಚಿಕೊಂಡ ಫೋಲ್ಡರ್. ಆ ಮನೆಯಲ್ಲಿ ಆದದ್ದು ಇದೇ. ಚಿಕ್ಕಪ್ಪನ ಕಂಪ್ಯೂಟರ್‌ಗೆ ವೈರಸ್ ಹೊಕ್ಕಿರಲೇ ಇಲ್ಲ. ಫೋಲ್ಡರ್‌ನಲ್ಲಿ ಬರೆಯುವ, ಅಳಿಸುವ ಅನುಮತಿ ಹುಡುಗಿಯ ಲ್ಯಾಪ್‌ಟಾಪ್‌ಗೆ ಇತ್ತು. ಅದೇ ಅನುಮತಿ ಬಳಸಿ ವೈರಸ್ ದೂರದಿಂದಲೇ ಬೀಗ ಹಾಕಿತು. ಅಣ್ಣ ಏನನ್ನೂ ಹಂಚಿಕೊಂಡಿರಲಿಲ್ಲ, ಅಪ್‌ಡೇಟ್ ತಪ್ಪಿಸಿರಲಿಲ್ಲ, ಹಾಗಾಗಿ ಉಳಿದುಕೊಂಡ.

ಎರಡನೆಯದು ತಂತ್ರಾಂಶದ ಒಳಗಿನ ದೋಷ. ಇಲ್ಲಿ ಯಾರೂ ಏನನ್ನೂ ಒತ್ತಬೇಕಾಗಿಲ್ಲ. 2017ರ ಮೇ 12ರಂದು ಹರಡಲು ಶುರುವಾದ ವಾನ್ನಾಕ್ರೈ ಇದಕ್ಕೆ ಸಾಕ್ಷಿ. ವಿಂಡೋಸ್‌ನಲ್ಲಿ ಫೈಲ್ ಹಂಚುವ ಹಳೆಯ ವ್ಯವಸ್ಥೆಯೊಂದರಲ್ಲಿ ದೋಷವಿತ್ತು. ವಾನ್ನಾಕ್ರೈ ತಾನು ಹೊಕ್ಕ ಕಂಪ್ಯೂಟರ್‌ನಿಂದ ಅದೇ ನೆಟ್‌ವರ್ಕ್‌ನ ಒಂದೊಂದು ವಿಳಾಸದ ಬಾಗಿಲನ್ನೂ ತಟ್ಟಿ, ದೋಷವಿರುವ ಕಂಪ್ಯೂಟರ್ ಸಿಕ್ಕರೆ ತಾನೇ ಒಳಹೊಕ್ಕು ಬೀಗ ಹಾಕುತ್ತಿತ್ತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಬೇರೆಡೆಗೆ ಕಳಿಸಬೇಕಾಯಿತು. ಆದರೆ ಆ ದೋಷ ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಸುಮಾರು ಎರಡು ತಿಂಗಳು ಮೊದಲೇ, ಉಚಿತವಾಗಿ ಕೊಟ್ಟಿತ್ತು. ಅದನ್ನು ಹಾಕಿಕೊಂಡಿದ್ದ ಕಂಪ್ಯೂಟರ್‌ಗಳಿಗೆ ವಾನ್ನಾಕ್ರೈ ಆ ಬಾಗಿಲಿನಿಂದ ನುಗ್ಗಲು ಆಗಲಿಲ್ಲ.

ಮೂರನೆಯದು ಸುಲಭದ ಪಾಸ್‌ವರ್ಡ್. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಮನೆಗಳ ರೂಟರ್, ಸಿಸಿ ಕ್ಯಾಮೆರಾಗಳನ್ನು ಭಾರೀ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತು. ಅದರ ಬಳಿ ಇದ್ದದ್ದು ಕಂಪನಿಗಳೇ ಹಾಕಿ ಕಳಿಸುವ ಸುಮಾರು 60 ಯೂಸರ್‌ನೇಮ್-ಪಾಸ್‌ವರ್ಡ್‌ಗಳ ಪಟ್ಟಿ, ಅಷ್ಟೇ. ಎಷ್ಟು ಮನೆಗಳಲ್ಲಿ ರೂಟರ್‌ನ ಪಾಸ್‌ವರ್ಡ್ ಇಂದಿಗೂ 'ಅಡ್ಮಿನ್' ಎಂದೇ ಇದೆ! ನೆರೆಯವರಿಗೆ ವೈ-ಫೈ ಕೊಡುವುದು ಒಳ್ಳೆಯ ಗುಣ. ಅದನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಆದರೆ ಕೊಡುವ ರೀತಿ ಇದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಲ್ಲಿ ಅಪ್‌ಡೇಟ್ ತಾನಾಗಿಯೇ ಆಗುವಂತೆ ಇಡಿ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಇಂದೇ ಬದಲಿಸಿ. ರೂಟರ್‌ನಲ್ಲಿ ಗೆಸ್ಟ್ ವೈ-ಫೈ ಸೌಲಭ್ಯವಿದ್ದರೆ ನೆರೆಯವರಿಗೆ, ಅತಿಥಿಗಳಿಗೆ, ಕ್ಯಾಮೆರಾಗಳಿಗೆ ಅದನ್ನು ಕೊಡಿ. ಅವರಿಗೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರ್‌ಗಳ ಬಾಗಿಲು ಸಿಗುವುದಿಲ್ಲ. ವಿಂಡೋಸ್ ಕೇಳಿದಾಗ ನಿಮ್ಮ ನೆಟ್‌ವರ್ಕನ್ನು 'ಪಬ್ಲಿಕ್' ಎಂದು ಆರಿಸಿ. ಫೋಲ್ಡರ್ ಹಂಚಲೇಬೇಕಾದರೆ ಓದಲು ಮಾತ್ರ ಅನುಮತಿ ಕೊಡಿ. ಉಚಿತವಾಗಿ ಸಿಗುತ್ತದೆಂದು ಕದ್ದ ತಂತ್ರಾಂಶ ಹಾಕಬೇಡಿ.

ಮುಖ್ಯ ಕಡತಗಳ ಒಂದು ಪ್ರತಿ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿರಲಿ. ನಕಲು ಮುಗಿದ ಕೂಡಲೇ ಅದನ್ನು ಕಳಚಿ ಕಪಾಟಿನಲ್ಲಿಡಿ. ಸದಾ ಜೋಡಿಸಿಟ್ಟ ಡಿಸ್ಕ್‌ಗೂ ಬೀಗ ಬೀಳುತ್ತದೆ. ಆ ಹುಡುಗಿಯ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಡಿಜಿಲಾಕರ್‌ನಿಂದ ಮರಳಿ ಸಿಕ್ಕಿತು. ಪ್ರಾಜೆಕ್ಟ್, ತೀರಿಹೋದ ಅಜ್ಜಿಯ ಫೋಟೋಗಳು ಸಿಗಲಿಲ್ಲ. ಚಿಕ್ಕಪ್ಪನ ಉದ್ರಿ ಲೆಕ್ಕವನ್ನು ಗಿರಾಕಿಗಳೇ ನೆನಪಿನಿಂದ ಹೇಳಿ ಬರೆಸಬೇಕಾಯಿತು.

ಇಷ್ಟಾದ ಮೇಲೂ ವೈರಸ್ ಬಂದರೆ ಮೊದಲು ಆ ಕಂಪ್ಯೂಟರ್‌ನ ವೈ-ಫೈ ಆಫ್ ಮಾಡಿ, ಕೇಬಲ್ ಕಿತ್ತುಹಾಕಿ. ಮನೆಯ ಉಳಿದ ಕಂಪ್ಯೂಟರ್‌ಗಳನ್ನೂ ಪರೀಕ್ಷಿಸಿ. ಪಾಸ್‌ವರ್ಡ್‌ಗಳನ್ನು ವೈರಸ್ ಇಲ್ಲದ ಬೇರೆ ಸಾಧನದಿಂದ ಬದಲಿಸಿ. ಹಣ ಕೊಡಬೇಡಿ, ಕೊಟ್ಟರೂ ಫೈಲ್ ಮರಳುವ ಖಾತರಿ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮತ್ತು ಪೋಷಕರೇ, ದಯವಿಟ್ಟು ಮಕ್ಕಳನ್ನು ಬೈಯಬೇಡಿ. ಬೈಗುಳಕ್ಕೆ ಹೆದರಿದ ಮಗು ಮುಂದಿನ ಸಲ ವಿಷಯ ಮುಚ್ಚಿಡುತ್ತದೆ. ಅಷ್ಟರಲ್ಲಿ ವೈರಸ್ ಪಕ್ಕದ ಕೋಣೆಗೆ ತಲುಪಿರುತ್ತದೆ.

ನಾವೂ ಬದಲಾಗಿದ್ದೇವೆ. ಈ ವರ್ಷದಿಂದ ಪ್ರತಿ ಲ್ಯಾಪ್‌ಟಾಪ್‌ನ ಹಳೆಯದೆಲ್ಲ ಅಳಿಸಿ, ಹೊಸದಾಗಿ ತಂತ್ರಾಂಶ ಹಾಕಿ, ಅಪ್‌ಡೇಟ್ ಮುಗಿಸಿಯೇ ಕೊಡುತ್ತೇವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಗಳಿಗೆ ಉಬುಂಟು ಹಾಕುತ್ತೇವೆ. ದಾನಿಗಳಲ್ಲಿ ಒಂದು ವಿನಂತಿ: ಲ್ಯಾಪ್‌ಟಾಪ್ ಕೊಡುವ ಮುನ್ನ ನಿಮ್ಮ ಕಡತಗಳನ್ನು ಅಳಿಸಿ, ಚಾರ್ಜರ್ ಜೊತೆಗೇ ಕೊಡಿ. ಒಂದು ಯಂತ್ರವನ್ನು ಸಿದ್ಧಪಡಿಸುವ ಖರ್ಚೂ ವಿದ್ಯಾದಾನವೇ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರ ಗಮನಕ್ಕೆ: ನಮ್ಮ ಕಚೇರಿಯ ಕಂಪ್ಯೂಟರ್‌ನಲ್ಲಿ ನಿಮ್ಮೆಲ್ಲರ ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ವಿವರಗಳಿವೆ. ಆದ್ದರಿಂದ ಇನ್ನು ಮುಂದೆ ಕಚೇರಿಯಲ್ಲಿ ಯಾರ ಪೆನ್‌ಡ್ರೈವನ್ನೂ ತೆಗೆದುಕೊಳ್ಳುವುದಿಲ್ಲ. ಜೆರಾಕ್ಸ್ ಪ್ರತಿ ತನ್ನಿ. ಸ್ಕ್ಯಾನ್ ನಾವೇ ಮಾಡುತ್ತೇವೆ. ಅರ್ಜಿಗೆ ಶುಲ್ಕವಿಲ್ಲ. ನಮ್ಮ ಹೆಸರು ಹೇಳಿ ಯಾರಾದರೂ ಒಟಿಪಿ ಕೇಳಿದರೆ ಕೊಡಬೇಡಿ. ನಾವು ಎಂದೂ ಕೇಳುವುದಿಲ್ಲ.

ಆ ಹುಡುಗಿ ಈ ವರ್ಷವೂ ನಮ್ಮ ವಿದ್ಯಾರ್ಥಿನಿ. ಪ್ರಾಜೆಕ್ಟನ್ನು ಮೊದಲಿನಿಂದ ಬರೆದು ಒಪ್ಪಿಸಿದ್ದಾಳೆ. ಸಿದ್ಧಪಡಿಸಿದ ಬೇರೊಂದು ಲ್ಯಾಪ್‌ಟಾಪನ್ನು ಅವಳ ಕೈಗೆ ಕೊಟ್ಟಾಗ ಅವಳು ಮೊದಲು ಕೇಳಿದ್ದು, "ಇದಕ್ಕೆ ಅಪ್‌ಡೇಟ್ ಆಗಿದೆಯೇ?" ಎಂದು. ಇಲ್ಲಿರುವ ಪ್ರತಿ ಮನೆಯವರೂ ನಮ್ಮನ್ನು ಹಾಗೆಯೇ ಕೇಳಲಿ. ಉತ್ತರ ಕೊಡುವುದು ನಮ್ಮ ಹೊಣೆ.

ನಿಮ್ಮ ದಾನವನ್ನು ಅಲ್ಲಾಹನು ಸ್ವೀಕರಿಸಲಿ. ಮಕ್ಕಳ ಓದಿನಲ್ಲಿ ಬರ್ಕತ್ ನೀಡಲಿ. ಆಮೀನ್.