ಉತ್ತರ ಹೇಳದ ಕಿನ್ನರಿ

ಭಾನುವಾರ ಬಂತು ಅಂದ್ರೆ ಚಿಂಚವಾಡದ ನಮ್ಮ ಮನೆಯಲ್ಲಿ ಮಗಳ ಜೊತೆ ಝೆಲ್ಡಾ ಆಟ. 1998ರಲ್ಲಿ ನಿಂಟೆಂಡೊ ತಂದ 'ಒಕರಿನಾ ಆಫ್ ಟೈಮ್'. ಅದರಲ್ಲಿ ಕಾಡಿನ ಮಕ್ಕಳಿಗೆಲ್ಲ ಒಂದೊಂದು ಕಿನ್ನರಿ. ನಾಯಕ ಲಿಂಕ್‌ಗೆ ಸಿಗೋಳು ನಾವಿ.

ಅವಳು ಹುಟ್ಟಿದ್ದು ಹೇಗೆ ಗೊತ್ತಾ? ಯಾವ ಶತ್ರುವಿನ ಮೇಲೆ ಗುರಿ ಇದೆ ಅಂತ ತೋರಿಸಲು ಒಂದು ಗುರುತು ಬೇಕಿತ್ತು. ಬರೀ ತ್ರಿಕೋನ ಇಡೋದು ಯೊಶಿಯಾಕಿ ಕೊಯಿಜುಮಿಯವರಿಗೆ ಒಪ್ಪಿಗೆಯಾಗಲಿಲ್ಲ. ಕಿನ್ನರಿ ಮಾಡಹೊರಟರು. ಆಗಿನ ಯಂತ್ರಕ್ಕೆ ಅಷ್ಟು ಶಕ್ತಿ ಇರಲಿಲ್ಲ. ಕೊನೆಗೆ ಬೆಳಕಿನ ಉಂಡೆಗೆ ರೆಕ್ಕೆ ಹಚ್ಚಿದರು. ದಾರಿ ತೋರಿಸೋಳು, ನ್ಯಾವಿಗೇಟ್ ಮಾಡೋಳು, ಹಾಗಾಗಿ ನಾವಿ.

ಒಗಟಿನ ಜಾಗಕ್ಕೆ ಹಾರಿ ಹೋಗಿ ಹಸಿರಾಗ್ತಾಳೆ, ಅಷ್ಟೇ. ಬಿಡಿಸೋದು ನಮ್ಮ ಕೆಲಸ.

ನಾನು ಹಾಗಲ್ಲ. ಮಗಳು ಸ್ವಲ್ಪ ತಡವರಿಸಿದರೂ ಉತ್ತರ ಹೇಳಿಬಿಡ್ತಿದ್ದೆ. ಒಂದು ದಿನ ಕಂಟ್ರೋಲರ್ ನನ್ನ ಕೈಗಿಟ್ಟು, "ಅಪ್ಪ, ನೀನೇ ಆಡ್ಕೋ" ಅಂತ ಎದ್ದುಹೋದಳು. ಚುರುಕ್ ಅಂತು.

ಮುಂದಿನ ವಾರ ಬಾಯಿಗೆ ಬೀಗ ಹಾಕಿ ಕೂತೆ. ಡೆಕು ಮರದೊಳಗೆ ನೆಲಕ್ಕೆ ಹಬ್ಬಿದ ಜೇಡರ ಬಲೆ. 20 ನಿಮಿಷ ಒದ್ದಾಡಿದಳು. ಆಮೇಲೆ ತುತ್ತತುದಿಗೆ ಹತ್ತಿ, ಹಾರಿದಳು. ಬಲೆ ಹರಿಯಿತು!

ಆಫೀಸಲ್ಲಿ ಹೊಸ ಹುಡುಗರ ಕೋಡ್ ನೋಡುವಾಗಲೂ ಈಗ ಸಾಲು ತೋರಿಸಿ ಸುಮ್ಮನಾಗ್ತೀನಿ. ಕಷ್ಟ ಕಣ್ರೀ, ಆದ್ರೂ ನೀವೂ ಮಾಡಿ ನೋಡಿ.