ಮನೆಯ ಪಾಠಕ್ಕೆ ಗ್ರಂಥಾಲಯದ ನಂಟು

(ಜಹೀರಾಬಾದ್ ಭಾಗದ ನವಸಾಕ್ಷರರ ಸಭೆಯಲ್ಲಿ ಒಬ್ಬ ತಾಯಿ ಆಡಿದ ಮಾತು)



ನಾನು ದೊಡ್ಡ ಓದು ಓದಿದವಳಲ್ಲ. ನಿಮ್ಮ ಹಾಗೆಯೇ ಮದುವೆಯಾಗಿ, ಮಕ್ಕಳಾದ ಮೇಲೆ ಅಕ್ಷರ ಕಲಿತವಳು. ಭಾಷಣ ಮಾಡಲು ನನಗೆ ಬರುವುದಿಲ್ಲ. ನನ್ನ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅದರಲ್ಲಿ ನಿಮಗೆ ಬೇಕಾದದ್ದು ಇದ್ದರೆ ತೆಗೆದುಕೊಳ್ಳಿ.

ಇವತ್ತಿನ ಮಾತು ಇಷ್ಟೇ. ಮನೆಯಲ್ಲಿ ಮಗುವಿಗೆ ಕಲಿಸುವವರು ಗ್ರಂಥಾಲಯದವರ ಜೊತೆ ಗೆಳೆತನ ಮಾಡಿಕೊಳ್ಳಬೇಕು. ಗ್ರಂಥಾಲಯ ಅಂದರೆ ನಾವು ಲೈಬ್ರರಿ ಅನ್ನುತ್ತೇವಲ್ಲ, ಅದೇ. ಅಲ್ಲಿ ಪುಸ್ತಕ ಕೊಡುವವರಿಗೆ ಗ್ರಂಥಪಾಲಕರು ಅನ್ನುತ್ತಾರೆ. ನಾವು ಲೈಬ್ರರಿ ಸರ್ ಅನ್ನುತ್ತೇವೆ.

ಮೊದಲು ನಮ್ಮ ಊರಿನ ಮಾತು. 1956ಕ್ಕೆ ಮುಂಚೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಆಯಿತು. ಬೀದರ್, ಗುಲ್ಬರ್ಗಾ ಆ ಕಡೆ ಹೋದವು. ನಾವು ಈ ಕಡೆ ಬಂದೆವು. 2014ರಲ್ಲಿ ತೆಲಂಗಾಣ ರಾಜ್ಯ ಆಯಿತು. ಗಡಿ ಸರಿದರೂ ಜನ ಸರಿಯಲಿಲ್ಲ. ಈಗಲೂ ಹೆಣ್ಣು ಕೊಡುವುದು, ತರುವುದು ಆ ಕಡೆಗೆ, ಈ ಕಡೆಗೆ ನಡೆದೇ ಇದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು. ಮೂರೂ ನಮಗೆ ಬರುತ್ತವೆ.

ಆದರೆ ಬರೆಯಲು, ಓದಲು? ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗು ಕಲಿಯುತ್ತಾರೆ. 2018ರಲ್ಲಿ ಆದ ಕಾನೂನಿನಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಅದು ಒಳ್ಳೆಯದೇ. ಇಲ್ಲಿ ಬದುಕಲು, ಕೆಲಸ ಹಿಡಿಯಲು ತೆಲುಗು ಬೇಕು. ಆದರೆ ಬಹಳ ಮನೆಗಳಲ್ಲಿ ಕನ್ನಡ ಬಾಯಲ್ಲಿ ಮಾತ್ರ ಉಳಿದಿದೆ. ಅಜ್ಜಿ ಹೇಳಿದ್ದು ಮಗುವಿಗೆ ತಿಳಿಯುತ್ತದೆ. ಬೀದರ್‌ನ ಸೋದರಮಾವ ಬರೆದ ಪತ್ರ ಓದಲು ಬರುವುದಿಲ್ಲ. ಮದುವೆಯ ಲಗ್ನಪತ್ರಿಕೆ ಓದಲು ಬರುವುದಿಲ್ಲ. ಶಾಲೆಯಲ್ಲಿ ಕನ್ನಡ ಸಿಗದ ಮಗುವಿಗೆ ಮನೆಯೇ ಕನ್ನಡ ಶಾಲೆ. ತಾಯಿ-ತಂದೆಯೇ ಮಾಸ್ತರರು.

ಬೇರೆ ದೇಶಗಳಲ್ಲಿ ಕೆಲವರು ಎಲ್ಲ ಪಾಠವನ್ನೂ ಮನೆಯಲ್ಲೇ ಕಲಿಸುತ್ತಾರೆ. ಅದಕ್ಕೆ ಹೋಮ್ ಸ್ಕೂಲಿಂಗ್ ಅನ್ನುತ್ತಾರೆ. ಅಮೆರಿಕದಲ್ಲಿ ಲಕ್ಷಾಂತರ ಮಕ್ಕಳು ಹೀಗೆ ಕಲಿಯುತ್ತಾರೆ. ಬೆಂಗಳೂರಿನಂಥ ಊರುಗಳಲ್ಲೂ ಅಂಥ ಕುಟುಂಬಗಳಿವೆ. ಆ ತಾಯಿ-ತಂದೆಗಳಿಗೆ ದೊಡ್ಡ ಆಸರೆ ಗ್ರಂಥಾಲಯ. ಎಲ್ಲ ಪುಸ್ತಕ ಕೊಂಡು ಓದಿಸಲು ಯಾರಿಂದ ಆಗುತ್ತದೆ?

ಇಲ್ಲಿ ಒಂದು ಮಾತು ಸ್ಪಷ್ಟ ಹೇಳುತ್ತೇನೆ. ಮಗುವನ್ನು ಶಾಲೆ ಬಿಡಿಸಿ ಎಂದು ನಾನು ಹೇಳುತ್ತಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕು. ಆ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶಾಲೆಗೆ ಕಳಿಸಿ. ಶಾಲೆಯಲ್ಲಿ ಸಿಗದದ್ದನ್ನು ಮನೆಯಲ್ಲಿ ಕೊಡಿ.

ಈಗ ನನ್ನ ಕತೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಮನೆಯವರ ಕೂಲಿ ನಿಂತಿತು. ನಾನು ಮಗಳನ್ನು ಕರೆದುಕೊಂಡು ಬೀದರ್ ಜಿಲ್ಲೆಯ ತವರಿಗೆ ಹೋದೆ. ಮಗಳಿಗೆ ಆಗ ಎಂಟು ವರ್ಷ. ತಿಂಗಳು ತಿಂಗಳು ಉರುಳಿದವು. ಶಾಲೆ ತೆರೆಯಲಿಲ್ಲ. ಮಗಳು ಕಲಿತ ಅಕ್ಷರ ಮರೆಯತೊಡಗಿದಳು. ನನಗೆ ಹೊಟ್ಟೆಯಲ್ಲಿ ಸಂಕಟ. ನಾನು ಸಣ್ಣವಳಿದ್ದಾಗ ಶಾಲೆ ಬಿಟ್ಟೆ. ನನ್ನ ಮಗಳೂ ಹಾಗೇ ಆಗುತ್ತಾಳೇನೋ ಎಂಬ ಭಯ.

ಆ ಊರಿನಲ್ಲಿ ಪಂಚಾಯಿತಿ ಗ್ರಂಥಾಲಯ ಇತ್ತು. ಕರ್ನಾಟಕದಲ್ಲಿ ಇಂಥ ಗ್ರಾಮ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚು ಇವೆ. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. 2020ರ ನವೆಂಬರ್‌ನಲ್ಲಿ ಅಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಯಿತು. ಹಳ್ಳಿ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಪುಕ್ಕಟೆ. ಶಾಲೆ ಮುಚ್ಚಿದರೂ ಓದು ನಿಲ್ಲಬಾರದು ಎಂಬುದು ಅದರ ಉದ್ದೇಶ.

ನಮ್ಮಣ್ಣ ಹೇಳಿದ, "ಕೂಸಿಗಿ ಲೈಬ್ರರಿಗಿ ಕರಕೊಂಡು ಹೋಗು." ನಾನು ಹೋದೆ. ಆದರೆ ಬಾಗಿಲಲ್ಲೇ ನಿಂತೆ. ಅದು ಓದಿದವರ ಜಾಗ ಎಂಬ ಅಂಜಿಕೆ. ಒಳಗಿದ್ದ ಸರ್ ನೋಡಿದರು.

"ಯಾಕ್ರಿ ಅಕ್ಕ, ಹೊರಗ್ಯಾಕ ನಿಂತೀರಿ? ಒಳಗ ಬರ್ರಿ."

"ನನಗ ಭಾಳ ಓದಾಕ ಬರಲ್ಲರಿ ಸರ. ಕೂಡಿಸಿ ಕೂಡಿಸಿ ಓದ್ತೀನಿ."

"ಕೂಡಿಸಿ ಓದವರಿಗೇ ನಾ ಇಲ್ಲಿ ಕುಂತೀನಿ. ಪೂರಾ ಬಂದವರು ನನ್ನ ಕೇಳದೇ ತಗೊಂಡು ಹೋಗ್ತಾರ."

ಮಗಳ ಹೆಸರು ಬರೆದುಕೊಂಡರು. ದೊಡ್ಡ ಅಕ್ಷರದ, ಚಿತ್ರ ಇರುವ ಒಂದು ಕತೆ ಪುಸ್ತಕ ಕೊಟ್ಟರು. ರಾತ್ರಿ ನಾನು ಒಂದು ಸಾಲು, ಮಗಳು ಒಂದು ಸಾಲು ಓದುತ್ತಿದ್ದೆವು. ಅವಳಿಗೆ ತೆಲುಗು ಅಕ್ಷರ ಗೊತ್ತಿತ್ತು. ಕನ್ನಡ ಅಕ್ಷರವೂ ಅದರ ಅಕ್ಕ-ತಂಗಿ ಇದ್ದ ಹಾಗೆ. ಹಾಗಾಗಿ ಬೇಗ ಹಿಡಿದಳು. ಒಂದು ಪುಸ್ತಕ ಮುಗಿಯಿತು. ಎರಡು ಮುಗಿಯಿತು. ಮೂರನೆಯದು ತಂದೆವು.

ಒಂದು ದಿನ ಆ ಪುಸ್ತಕವನ್ನು ಹೊರಸಿನ ಮೇಲೆ ಬಿಟ್ಟು ಹೊಲಕ್ಕೆ ಹೋಗಿದ್ದೆವು. ಬಂದು ನೋಡಿದರೆ ಆಡಿನ ಮರಿ ಎರಡು ಹಾಳೆ ತಿಂದುಬಿಟ್ಟಿತ್ತು! ನನ್ನ ಎದೆ ಒಡೆಯಿತು. ಸರಕಾರದ ಪುಸ್ತಕ. ಎಷ್ಟು ದಂಡ ಹಾಕುತ್ತಾರೋ? ಕೈಯಲ್ಲಿ ರೊಕ್ಕ ಇಲ್ಲ. ಹೇಗೆ ಮುಖ ತೋರಿಸುವುದು? ಪುಸ್ತಕವನ್ನು ಟ್ರಂಕಿನಲ್ಲಿ ಮುಚ್ಚಿಟ್ಟೆ. ಗ್ರಂಥಾಲಯಕ್ಕೆ ಹೋಗುವುದು ಬಿಟ್ಟೆ. ಮಗಳು ದಿನಾ ಕೇಳುತ್ತಿದ್ದಳು. ನಾನು ಗದರಿಸುತ್ತಿದ್ದೆ.

ನೋಡಿ, ಎರಡು ಹಾಳೆಯ ಅಂಜಿಕೆಗೆ ನನ್ನ ಮಗಳ ಓದನ್ನೇ ನಾನು ನಿಲ್ಲಿಸಿದ್ದೆ.

ಹದಿನೈದು ದಿನ ಕಳೆಯಿತು. ಸರ್ ಅವರೇ ಮನೆ ಬಾಗಿಲಿಗೆ ಬಂದರು.

"ಅಕ್ಕ, ಕೂಸು ಬಂದಿಲ್ಲ. ಆರಾಮ ಅದ ಇಲ್ಲೋ?"

ನನಗೆ ಅಳು ಬಂತು. ಪುಸ್ತಕ ತಂದು ಮುಂದಿಟ್ಟೆ. "ತಪ್ಪಾಗ್ಯಾದರಿ ಸರ. ಎಷ್ಟು ರೊಕ್ಕ ಹೇಳ್ರಿ. ಸುಗ್ಗಿ ಆದ ಮ್ಯಾಲ ಕೊಡ್ತೀನಿ."

ಅವರು ಹಾಳೆ ತಿರುವಿ ನೋಡಿದರು. ನಕ್ಕರು. "ಕಪಾಟಿನಾಗ ಇಟ್ಟ ಪುಸ್ತಕ ಗೆದ್ದಲು ತಿಂತದ. ಓದಾಕ ಒಯ್ದ ಪುಸ್ತಕ ಆಡು ತಿಂದದ. ನನಗ ಇದೇ ಛಲೋ ಅನಸ್ತದ. ಆದರ ಮುಚ್ಚಿಡಬ್ಯಾಡ್ರಿ. ಬಂದು ಹೇಳ್ರಿ."

ಆಮೇಲೆ ಮಗಳನ್ನು ಕೇಳಿದರು. "ಆ ಎರಡು ಹಾಳಿನಾಗ ಏನಿತ್ತು, ನೆನಪದ ಏನವ್ವ?" ಮಗಳು ಪಟಪಟ ಹೇಳಿದಳು. "ಹಂಗಾದರ ಬರದು ಕೊಡು," ಅಂದರು.

ಮಗಳು ಬಿಳಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆದಳು. ಕೊನೆಯ ನಾಲ್ಕು ಸಾಲು ಅವಳಿಗೆ ನೆನಪಿರಲಿಲ್ಲ. ನನಗೆ ನೆನಪಿತ್ತು. ನಾನು ಬರೆದೆ. ಮೈದಾ ಹಿಟ್ಟಿನ ಅಂಟು ಕಾಯಿಸಿ ಹಾಳೆ ಅಂಟಿಸಿದೆವು. ಸರ್ ರಿಜಿಸ್ಟರಿನಲ್ಲಿ ಅದನ್ನು ಬರೆದುಕೊಂಡರು. ನನ್ನ ಅಕ್ಷರ ಸೊಟ್ಟ. ಆದರೂ ಒಂದು ಪುಸ್ತಕದೊಳಗೆ ನನ್ನ ಕೈಬರಹ ಇದೆ.

ಎಲ್ಲ ಕಡೆ ಹೀಗೇ ಆಗುತ್ತದೆ ಎನ್ನಲಾರೆ. ಕೆಲವು ಕಡೆ ಪುಸ್ತಕ ಹಾಳಾದರೆ ಬೆಲೆ ಕಟ್ಟಬೇಕಾಗುತ್ತದೆ. ಮೊದಲೇ ಕೇಳಿಕೊಳ್ಳಿ. ಆದರೆ ಹೆದರಿ ದೂರ ಉಳಿಯಬೇಡಿ.

ಅಂದಿನಿಂದ ಅವರು ನಮ್ಮ ಮನೆಯವರಂತೆ ಆದರು. ಅವರಿಂದ ನಾವು ತೆಗೆದುಕೊಂಡೆವು. ನಾವೂ ಕೊಟ್ಟೆವು. ಒಮ್ಮೆ ಒಕ್ಕಲುತನದ ಪುಸ್ತಕ ಕೊಟ್ಟಿದ್ದರು. ಅದರಲ್ಲಿ ನವಣೆ, ಸಾಮೆ, ಸಜ್ಜೆಯ ಚಿತ್ರ ಇತ್ತು. ಮಗಳು ಓದಿದಳು. ನಮ್ಮವ್ವ ಕೇಳಿ, ಯಾವ ಮಣ್ಣಿಗೆ ಯಾವುದು, ಯಾವುದರ ರೊಟ್ಟಿ, ಯಾವುದರ ಅನ್ನ ಎಂದು ಹೇಳಿದಳು. ಮರುದಿನ ಮಗಳು ಅದನ್ನು ಸರ್‌ಗೆ ಹೇಳಿದಳು. ಅವರು ನಮ್ಮವ್ವನನ್ನೇ ಕರೆಸಿ ಮಕ್ಕಳ ಮುಂದೆ ಮಾತಾಡಿಸಿದರು. ಒಂದು ಅಕ್ಷರ ಬಾರದ ಮುದುಕಿ ಅಂದು ಗ್ರಂಥಾಲಯದಲ್ಲಿ ಪಾಠ ಹೇಳಿದಳು.

ಗ್ರಂಥಾಲಯ ಹೇಗಿರಬೇಕು ಎಂದು ತಿಳಿಸಿದ ಒಬ್ಬ ದೊಡ್ಡವರಿದ್ದರು. ಎಸ್. ಆರ್. ರಂಗನಾಥನ್ ಅವರ ಹೆಸರು. ತಮಿಳುನಾಡಿನಲ್ಲಿ 1892ರಲ್ಲಿ ಹುಟ್ಟಿದರು. ಗಣಿತದ ಮಾಸ್ತರರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲೇ ತೀರಿಕೊಂಡರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಅದರ ಸಾರ ನಮ್ಮ ಮಾತಿನಲ್ಲಿ ಹೀಗಿದೆ. ಪುಸ್ತಕ ಬೀಗ ಹಾಕಿ ಇಡುವ ವಸ್ತು ಅಲ್ಲ. ಬಡವ-ಬಲ್ಲಿದ, ಹೆಣ್ಣು-ಗಂಡು, ಎಲ್ಲರಿಗೂ ತಕ್ಕ ಪುಸ್ತಕ ಸಿಗಬೇಕು. ಯಾವ ಪುಸ್ತಕವೂ ಓದುವವರಿಲ್ಲದೆ ಬಿದ್ದಿರಬಾರದು. ಬಂದವರನ್ನು ಸುಮ್ಮನೆ ಕಾಯಿಸಬಾರದು. ಗ್ರಂಥಾಲಯ ಗಿಡದ ಹಾಗೆ ಬೆಳೆಯುತ್ತಲೇ ಇರಬೇಕು. ಅವರ ನೆನಪಿಗೆ ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಎಂದು ಆಚರಿಸುತ್ತಾರೆ.

ಮೈಸೂರಿನ ಸೈಯದ್ ಇಸಾಕ್ ಅವರ ಸುದ್ದಿ ಕೇಳಿದ್ದೀರಾ? ಅವರು ಕೂಲಿ ಮಾಡುವವರು. ಅವರಿಗೆ ಶಾಲೆಯ ಓದು ಸಿಗಲಿಲ್ಲ. ಆದರೂ ರಾಜೀವನಗರದಲ್ಲಿ ತಮ್ಮ ದುಡಿಮೆಯ ಹಣದಿಂದ ಗ್ರಂಥಾಲಯ ನಡೆಸಿದರು. ಸುಮಾರು 11 ಸಾವಿರ ಪುಸ್ತಕ, ಬಹಳಷ್ಟು ಕನ್ನಡದವು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಅವರು ಕೈಬಿಡಲಿಲ್ಲ. ಮತ್ತೆ ಕಟ್ಟುತ್ತೇನೆ ಎಂದರು. ಎಷ್ಟೋ ಊರಿನ ಜನ ಪುಸ್ತಕ ಕೊಡಲು ಮುಂದೆ ಬಂದರು. ತನಗೆ ಸಿಗದ ಓದು ಬೇರೆಯವರಿಗೆ ಸಿಗಲಿ ಎಂದ ಮನುಷ್ಯ ಅವರು. ನಾವು ನಮ್ಮ ಮಕ್ಕಳಿಗಾದರೂ ಅಷ್ಟು ಬಯಸಬೇಡವೇ?

ನೀವು ಕೇಳಬಹುದು. "ಅದು ಕರ್ನಾಟಕದ ಮಾತಾಯ್ತಕ್ಕ. ನಮ್ಮ ಕಡೆ ಕನ್ನಡ ಪುಸ್ತಕ ಎಲ್ಲಿ ಅವ?"

ಸರಿಯಾದ ಪ್ರಶ್ನೆ. ಕೇಳದೆ ಬರುವುದಿಲ್ಲ. ನಮ್ಮ ಗ್ರಂಥಾಲಯಗಳನ್ನು ಜಿಲ್ಲಾ ಗ್ರಂಥಾಲಯ ಸಂಸ್ಥೆ ನೋಡಿಕೊಳ್ಳುತ್ತದೆ. ಜಹೀರಾಬಾದ್, ನಾರಾಯಣಖೇಡದವರಿಗೆ ಸಂಗಾರೆಡ್ಡಿ ಜಿಲ್ಲೆ. ತಾಂಡೂರಿನವರಿಗೆ ವಿಕಾರಾಬಾದ್ ಜಿಲ್ಲೆ. ನಾವು ಮನೆ ತೆರಿಗೆ ಕಟ್ಟುವಾಗ ರೂಪಾಯಿಗೆ 8 ಪೈಸೆ ಗ್ರಂಥಾಲಯದ ಕರ ಸೇರಿರುತ್ತದೆ. ಅಂದರೆ ಗ್ರಂಥಾಲಯದಲ್ಲಿ ನಮ್ಮ ದುಡ್ಡೂ ಇದೆ. ಅದು ಯಾರ ದಾನವೂ ಅಲ್ಲ.

ಜಹೀರಾಬಾದ್‌ಗೆ ಮರಳಿದ ಮೇಲೆ ನಾವು ಆರು ಜನ ತಾಯಂದಿರು ಸೇರಿ ಒಂದು ಅರ್ಜಿ ಬರೆದೆವು. 'ಮಕ್ಕಳಿಗೆ ಕನ್ನಡ ಪುಸ್ತಕ ಬೇಕು, ಒಂದು ಕನ್ನಡ ಪತ್ರಿಕೆ ಬೇಕು.' ಇಷ್ಟೇ. ತೆಲುಗು ಬಲ್ಲ ಮಕ್ಕಳು ಅದನ್ನೇ ತೆಲುಗಿನಲ್ಲಿ ಬರೆದರು. ಕೆಳಗೆ ಆರು ಸಹಿ. ಒಂದು ಕಾಲಕ್ಕೆ ಆರೂ ಜನ ಹೆಬ್ಬೆಟ್ಟು ಒತ್ತುತ್ತಿದ್ದವರು! ಗ್ರಂಥಪಾಲಕಿ ಮೇಡಂ ಅರ್ಜಿ ಓದಿ, "ನನಗೆ ಕನ್ನಡ ಬರುವುದಿಲ್ಲ. ಯಾವ ಪುಸ್ತಕ ಯಾರಿಗೆ ಎಂದು ನೀವೇ ಹೇಳಿಕೊಡಬೇಕು," ಎಂದು ತೆಲುಗಿನಲ್ಲಿ ಹೇಳಿದರು. ಪುಸ್ತಕಗಳು ಇನ್ನೂ ಬಂದಿಲ್ಲ. ಎರಡು ಸಲ ನೆನಪು ಮಾಡಿದ್ದೇವೆ. ಮೂರನೇ ಸಲವೂ ಮಾಡುತ್ತೇವೆ. ಅಲ್ಲಿಯವರೆಗೆ ತವರಿಗೆ ಹೋದವರು ಒಂದೆರಡು ಪುಸ್ತಕ ತರುತ್ತಾರೆ. ಅದು ಆರು ಮನೆ ತಿರುಗುತ್ತದೆ. ಮೇಡಂ ಅದಕ್ಕೊಂದು ಮೂಲೆ ಕೊಟ್ಟಿದ್ದಾರೆ.

ಗೆಳೆತನ ಒಂದು ಕೈಯಿಂದ ಆಗುವುದಿಲ್ಲ. ಗ್ರಂಥಪಾಲಕರಿಗೂ ಕಷ್ಟಗಳಿವೆ. ಎಷ್ಟೋ ಕಡೆ ಒಬ್ಬರೇ ಬಾಗಿಲು ತೆರೆಯಬೇಕು, ಕಸ ಗುಡಿಸಬೇಕು, ಲೆಕ್ಕ ಬರೆಯಬೇಕು. ಆದ್ದರಿಂದ ನಾವು ಕೆಲವು ಕೆಲಸ ಮಾಡೋಣ.

ಪುಸ್ತಕವನ್ನು ಹೇಳಿದ ದಿನಕ್ಕೆ ತಿರುಗಿಸಿ ಕೊಡೋಣ.

ಹರಿದ ಪುಸ್ತಕಕ್ಕೆ ಅಂಟು ಹಾಕೋಣ, ರಟ್ಟು ಹಾಕೋಣ.

ಹೋದಾಗ ಹೆಸರು ಹೇಳಿ ಮಾತಾಡಿಸೋಣ. ಮಗು ಏನು ಓದಿತು ಎಂದು ತಿಳಿಸೋಣ.

ನಮಗೆ ಗೊತ್ತಿರುವ ಹಾಡು, ಕತೆ, ಒಕ್ಕಲುತನದ ಮಾತನ್ನು ಅಲ್ಲಿ ಮಕ್ಕಳಿಗೆ ಹೇಳೋಣ.

ಆಗಸ್ಟ್ 12ರಂದು ಹೋಗಿ ಒಂದು ನಮಸ್ಕಾರ ಹೇಳಿ ಬರೋಣ.

ಈ ವಾರ ನೀವು ಒಂದು ಕೆಲಸ ಮಾಡಿ. ಮಗುವಿನ ಕೈ ಹಿಡಿದು ಹತ್ತಿರದ ಗ್ರಂಥಾಲಯಕ್ಕೆ ಹೋಗಿ. ಬಾಗಿಲಲ್ಲಿ ನಿಲ್ಲಬೇಡಿ. ಒಳಗೆ ಹೋಗಿ. ನಿಮ್ಮ ಹೆಸರನ್ನು ನೀವೇ ಬರೆಯಿರಿ. ಮಗುವಿನ ಹೆಸರನ್ನೂ ಬರೆಯಿರಿ. ಅಕ್ಷರ ಸೊಟ್ಟಾದರೆ ಆಗಲಿ.

ನನ್ನ ಮಗಳು ಈಗ ತೆಲುಗಿನಲ್ಲಿ ಶಾಲೆಯ ಪಾಠ ಓದುತ್ತಾಳೆ. ರಾತ್ರಿ ಅಜ್ಜಿಗೆ ಫೋನಿನಲ್ಲಿ ಕನ್ನಡ ಕತೆ ಓದಿ ಹೇಳುತ್ತಾಳೆ. ಆ ಕಡೆಯಿಂದ ನಮ್ಮವ್ವ "ಹೂಂ" ಅನ್ನುತ್ತಾಳೆ. "ಹೂಂ" ನಿಂತರೆ ನಿದ್ದೆ ಹತ್ತಿತು ಎಂದು ತಿಳಿದು ಫೋನ್ ಇಡುತ್ತಾಳೆ.