ಪದರು ಪದರಿನ ಬಕ್ಲಾವ
(ಸಾಕ್ಷರತಾ ದಿನದಂದು ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಅವ್ವಂದಿರೇ, ಅಕ್ಕ-ತಂಗಿಯರೇ, ಹಿಂದಿನ ಸಾಲಿನಲ್ಲಿ ಕುಳಿತ ಅಣ್ಣಂದಿರೇ, ಇವತ್ತು ಸೆಪ್ಟೆಂಬರ್ 8. ಅಂತರರಾಷ್ಟ್ರೀಯ ಸಾಕ್ಷರತಾ ದಿನ. ಅಕ್ಷರದ ಮಹತ್ವದ ಬಗ್ಗೆ ದೊಡ್ಡವರು ಆಗಲೇ ಮಾತಾಡಿದ್ದಾರೆ. ನಾನು ಒಂದು ಸಿಹಿ ತಿಂಡಿಯ ವಿಷಯ ಹೇಳ್ತೀನಿ. ಇದು ನಾನು ನಿಮಗೆ ಕೊಡಬೇಕಾದ ಸಾಲ. ಯಾಕಂದ್ರ ಕೇಳ್ರಿ.

ಹೋದ ತಿಂಗಳು ನಮ್ಮ ಕೇಂದ್ರದ ಒಬ್ಬ ಅವ್ವನ ಮಗ ದುಬೈದಿಂದ ರಜೆಗೆ ಬಂದಿದ್ದ. ಬರುವಾಗ ಒಂದು ತಗಡಿನ ಡಬ್ಬಿ ತಂದಿದ್ದ. ಅವ್ವ ಅದನ್ನು ಕ್ಲಾಸಿಗೆ ತಂದರು. ಮುಚ್ಚಳ ತೆಗೆದರೆ ಒಳಗೆ ಶಂಕರಪಾಳಿಯ ಹಾಗೆ ಓರೆಯಾಗಿ ಕತ್ತರಿಸಿದ ತುಂಡುಗಳು. ಮೇಲೆ ಹಸಿರು ಪಿಸ್ತಾ ಪುಡಿ. ಒಂದೊಂದು ತುಂಡು ಎಲ್ಲರಿಗೂ ಬಂತು. ಬಾಯಿಗೆ ಹಾಕಿದ ಕೂಡಲೇ ಕರುಂ ಅಂತು, ಆಮೇಲೆ ಕರಗಿತು. ಆಗ ಆ ಅವ್ವ ಕೇಳಿದರು: "ಅಕ್ಕಾರ, ಇದು ನಮ್ಮ ಚಿರೋಟಿನ ಅಲ್ಲೇನ್ರೀ? ಡಬ್ಬಿ ಮ್ಯಾಲ ಏನ್ ಬರದೈತಿ, ಓದ್ರಿ."

ಡಬ್ಬಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ "ಬಕ್ಲಾವ" ಅಂತ ಇತ್ತು. ಕೆಳಗೆ "ಟರ್ಕಿ" ಅಂತ ಇತ್ತು. ಅದರ ಮುಂದ ನನಗೂ ಏನೂ ಗೊತ್ತಿರಲಿಲ್ಲ. "ಓದಿ ಹೇಳ್ತೀನಿ" ಅಂದೆ. ಓದಿದ್ದೇನೆ. ಇವತ್ತು ಹೇಳುತ್ತೇನೆ.

ಟರ್ಕಿ ದೇಶದ ಹೆಚ್ಚಿನ ಭಾಗ ಏಷ್ಯಾ ಖಂಡದಲ್ಲಿದೆ, ಸ್ವಲ್ಪ ಭಾಗ ಯುರೋಪಿನಲ್ಲಿದೆ. 2022ರಿಂದ ಆ ದೇಶ ತನ್ನ ಹೆಸರನ್ನು ಹೊರಗಿನವರಿಗೂ "ತುರ್ಕಿಯೆ" ಎಂದೇ ಬರೆದು ಕೊಡುತ್ತಿದೆ. ಬಕ್ಲಾವ ಅಲ್ಲಿಯ ಹಬ್ಬದ ಸಿಹಿ. ರಂಜಾನ್ ಹಬ್ಬಕ್ಕೆ, ಮದುವೆಗೆ, ನಿಶ್ಚಯಕ್ಕೆ ಬಕ್ಲಾವ ಬೇಕೇ ಬೇಕು.

ನಮ್ಮ ಚಿರೋಟಿಗೂ ಬಕ್ಲಾವಕ್ಕೂ ಹೋಲಿಕೆ ಪದರಿನಲ್ಲಿ ಮಾತ್ರ. ನಾವು ಹಾಳೆ ಲಟ್ಟಿಸಿ, ತುಪ್ಪ ಮತ್ತು ಅಕ್ಕಿಹಿಟ್ಟು ಕಲಸಿ ಸವರಿ, ಒಂದರ ಮೇಲೊಂದು ಇಟ್ಟು, ಸುರುಳಿ ಸುತ್ತಿ, ಕತ್ತರಿಸಿ ಕರಿಯುತ್ತೇವೆ. ಅವರು ಕರಿಯುವುದಿಲ್ಲ. ದೊಡ್ಡ ಪರಾತದಲ್ಲಿ ಹಾಳೆ ಜೋಡಿಸಿ ಒಲೆಯ ಒಳಗಿಟ್ಟು ಬೇಯಿಸುತ್ತಾರೆ. ಕೊನೆಗೆ ಸಕ್ಕರೆ ಪಾಕ ಸುರಿಯುತ್ತಾರೆ.

ಟರ್ಕಿಯ ದಕ್ಷಿಣದಲ್ಲಿ ಗಾಜಿಯಾಂಟೆಪ್ ಎಂಬ ಊರಿದೆ. ಜನ ಅದನ್ನು ಆಂಟೆಪ್ ಅಂತಲೇ ಕರೆಯುತ್ತಾರೆ. ಬಕ್ಲಾವಕ್ಕೆ ಆ ಊರು ಬಹಳ ಹೆಸರುವಾಸಿ. ಅಲ್ಲಿಯ ಕುಶಲಿಗರು ಹಿಟ್ಟಿನ ಉಂಡೆಗಳ ಮೇಲೆ ಗೋಧಿಸತ್ವದ ಪುಡಿ ಉದುರಿಸಿ, ಉದ್ದನೆಯ ಸಣಕಲು ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ. ಒಂದೇ ಸಲಕ್ಕೆ ಹಲವು ಹಾಳೆ ಒಟ್ಟಿಗೆ ಲಟ್ಟಿಸುತ್ತಾರೆ. ಹಾಳೆ ಎಷ್ಟು ತೆಳುವಾಗಬೇಕು ಅಂದ್ರ, ಅದರ ಹಿಂದೆ ಪುಸ್ತಕ ಹಿಡಿದರೆ ಅಕ್ಷರ ಕಾಣಬೇಕು. ಇಂಥ ಹಾಳೆಗೆ ಅವರ ಭಾಷೆಯಲ್ಲಿ "ಯುಫ್ಕಾ" ಅನ್ನುತ್ತಾರೆ. ಒಂದು ಪರಾತದಲ್ಲಿ ಸುಮಾರು 40 ಹಾಳೆ ಕೂಡುತ್ತವೆ. ನಡುವೆ ಹಾಲು ಮತ್ತು ರವೆಯ ಕೆನೆ ಒಂದು ಪದರು, ಪಿಸ್ತಾ ಒಂದು ಪದರು. ಪಿಸ್ತಾವನ್ನು ಪೂರ್ತಿ ಹಣ್ಣಾಗುವ ಮೊದಲೇ ಕೀಳುತ್ತಾರೆ. ಅದಕ್ಕೇ ಆ ಹಸಿರು ಬಣ್ಣ. ಮೇಲೆ ಕುರಿ ಹಾಲಿನ ತುಪ್ಪ. ಬೆಂದ ಮೇಲೆ ಬಿಸಿ ಬಕ್ಲಾವದ ಮೇಲೆ ಬಿಸಿ ಪಾಕ. ಕಚ್ಚಿದಾಗ ಕರುಂ ಎಂಬ ಸಪ್ಪಳ ಬರಬೇಕು. ಬರಲಿಲ್ಲ ಅಂದ್ರ ಕೆಲಸ ಕೆಟ್ಟಿತು ಅಂತ ಲೆಕ್ಕ.

ಈಗ ಒಂದು ಮಾತು ಕೇಳ್ರಿ. ಆ ಪಾಕಕ್ಕೆ ಅವರು "ಶೆರ್ಬೆತ್" ಅನ್ನುತ್ತಾರೆ. ನಮ್ಮ ಶರಬತ್ತು! ಆ ತುಪ್ಪಕ್ಕೆ "ಸಾದೆ ಯಾ" ಅನ್ನುತ್ತಾರೆ. ಯಾ ಅಂದರೆ ಜಿಡ್ಡು, ಸಾದೆ ಅಂದರೆ ನಮ್ಮ ಸಾದಾ. ಪಿಸ್ತಾಕ್ಕೆ "ಫಿಸ್ತಿಕ್" ಅನ್ನುತ್ತಾರೆ. ಅರಬ್ಬಿ, ಪಾರಸಿ ಭಾಷೆಯ ಈ ಶಬ್ದಗಳು ಒಂದು ಕಡೆ ಟರ್ಕಿಗೆ ಹೋದವು, ಇನ್ನೊಂದು ಕಡೆ ನಮ್ಮ ಹಳ್ಳಿಗೆ ಬಂದವು. ನೀವು ಟರ್ಕಿ ನೋಡಿಲ್ಲ. ಆದರೆ ಅಲ್ಲಿಯ ಅಡುಗೆ ಮನೆಯ ಮೂರು ಶಬ್ದ ನಿಮಗೆ ಮೊದಲೇ ಬರುತ್ತವೆ.

ಈ ಸಿಹಿ ಎಲ್ಲಿ ಹುಟ್ಟಿತು? ಇದು ಒಂದೇ ದಿನ, ಒಂದೇ ಮನೆಯಲ್ಲಿ ಹುಟ್ಟಿದ್ದಲ್ಲ. ತುರ್ಕರ ಹಿರಿಯರು ಮಧ್ಯ ಏಷ್ಯಾದ ಬಯಲಿನಲ್ಲಿ ಕುರಿ, ಕುದುರೆ ಮೇಯಿಸುತ್ತ ತಿರುಗುತ್ತಿದ್ದ ಜನ. ದೊಡ್ಡ ಒಲೆ ಹೊತ್ತುಕೊಂಡು ತಿರುಗಲಿಕ್ಕೆ ಆಗುತ್ತದೆಯೇ? ಅದಕ್ಕೆ ಕಾವಲಿಯ ಮೇಲೆ ಬೇಗ ಬೇಯುವ ತೆಳು ರೊಟ್ಟಿ ಮಾಡುತ್ತಿದ್ದರು. 11ನೇ ಶತಮಾನದಲ್ಲಿ ಮಹಮೂದ್ ಕಾಶ್ಗರಿ ಎಂಬ ಪಂಡಿತರು ತುರ್ಕಿ ಶಬ್ದಗಳ ಒಂದು ನಿಘಂಟು ಬರೆದರು. ಅದರಲ್ಲಿ ಈ ತೆಳು ರೊಟ್ಟಿಯ ಹೆಸರೂ, ಮಡಿಚಿ ಮಾಡುವ ರೊಟ್ಟಿಯ ಹೆಸರೂ ಇವೆ. ಇಂದಿನ "ಯುಫ್ಕಾ" ಎಂಬ ಶಬ್ದದ ಹಳೆಯ ರೂಪ ಅದೇ. ಆ ಜನ ಪಶ್ಚಿಮಕ್ಕೆ ಬಂದು ನೆಲೆಸಿದರು. ಅಲ್ಲಿ ಅಕ್ರೋಟು, ಬಾದಾಮಿ, ಜೇನು ಹಾಕಿ ಸಿಹಿ ಮಾಡುವ ಪದ್ಧತಿ ಮೊದಲೇ ಇತ್ತು. ಎರಡೂ ಕೂಡಿದವು.

15ನೇ ಶತಮಾನದ ಸೂಫಿ ಕವಿ ಕಯ್ಗುಸುಜ್ ಅಬ್ದಾಲ್ ತಮ್ಮ ಪದ್ಯದಲ್ಲಿ ಬಕ್ಲಾವದ ಹೆಸರು ತಂದಿದ್ದಾರೆ. 1473ರಲ್ಲಿ ಇಸ್ತಾಂಬುಲ್‌ನ ಸುಲ್ತಾನರ ಅರಮನೆಯ ಅಡುಗೆ ಲೆಕ್ಕದ ಪುಸ್ತಕದಲ್ಲಿ, ಶಾಬಾನ್ ತಿಂಗಳಲ್ಲಿ ಬಕ್ಲಾವ ಮಾಡಿದ ದಾಖಲೆ ಇದೆ. ಆ ಅರಮನೆಗೆ ಈಗ ತೋಪ್‌ಕಾಪಿ ಎನ್ನುತ್ತಾರೆ. ಅಂದರೆ ತೋಪಿನ ಬಾಗಿಲು. ವಿಜಯಪುರದ ಕೋಟೆಯ ಮೇಲೆ ನಾವು ನೋಡುವ ತೋಪು ಇದೆಯಲ್ಲ, ಆ ಶಬ್ದವೂ ತುರ್ಕಿಯದೇ.

ಮುಂದೆ ಅರಮನೆಯ ಅಡುಗೆಯವರು ಹಾಳೆಯನ್ನು ತೆಳು ಮಾಡುತ್ತ, ಪದರು ಹೆಚ್ಚಿಸುತ್ತ ಹೋದರು. ಆಗ ಜಾನಿಸರಿ ಎಂಬ ಸುಲ್ತಾನರ ಸೈನ್ಯ ಇತ್ತು. ರಂಜಾನ್ ತಿಂಗಳ 15ನೇ ದಿನ ಪ್ರತಿ 10 ಸೈನಿಕರಿಗೆ ಒಂದು ಪರಾತ ಬಕ್ಲಾವ ಅರಮನೆಯಿಂದ ಸಿಗುತ್ತಿತ್ತು. ಪರಾತವನ್ನು ಬಟ್ಟೆಯಲ್ಲಿ ಕಟ್ಟಿ, ಕೋಲಿಗೆ ತೂಗುಹಾಕಿ, ಇಬ್ಬರು ಹೆಗಲ ಮೇಲೆ ಹೊತ್ತು ಮೆರವಣಿಗೆಯಲ್ಲಿ ಒಯ್ಯುತ್ತಿದ್ದರು. ಊರ ಜನ ಬೀದಿಯಲ್ಲಿ ನಿಂತು ನೋಡುತ್ತಿದ್ದರು. 1826ರಲ್ಲಿ ಸುಲ್ತಾನರು ಆ ಸೈನ್ಯವನ್ನೇ ರದ್ದು ಮಾಡಿದರು. ಮೆರವಣಿಗೆ ನಿಂತಿತು, ಬಕ್ಲಾವ ನಿಲ್ಲಲಿಲ್ಲ. ಅದು ಆಗಲೇ ಜನರ ಮನೆ ಸೇರಿತ್ತು.

ಮನೆ ಸೇರಿದ ಮೇಲೆ ಆಯಾ ಊರಿನ ಬೆಳೆ ಅದರ ಹೊಟ್ಟೆಗೆ ಸೇರಿತು. ನಮ್ಮಲ್ಲಿ ಹಂಗ ಅಲ್ಲೇನ್ರೀ? ಜೋಳ ಬೆಳೆಯುವಲ್ಲಿ ಜೋಳದ ರೊಟ್ಟಿ, ಅಕ್ಕಿ ಬೆಳೆಯುವಲ್ಲಿ ಅಕ್ಕಿ ರೊಟ್ಟಿ. ಆಂಟೆಪ್ ಕಡೆ ಪಿಸ್ತಾ ಬೆಳೆ, ಅಲ್ಲಿ ಪಿಸ್ತಾ ಬಕ್ಲಾವ. ನಡು ಟರ್ಕಿಯಲ್ಲಿ ಅಕ್ರೋಟಿನದು. ಪಶ್ಚಿಮದ ಸಮುದ್ರ ದಂಡೆಯಲ್ಲಿ ಬಾದಾಮಿಯದು. ಉತ್ತರದಲ್ಲಿ ಕಪ್ಪು ಸಮುದ್ರದ ದಂಡೆಯಲ್ಲಿ ಹೇಝಲ್ ಎಂಬ ಗುಂಡನೆಯ ಬೀಜ ಬೆಳೆಯುತ್ತದೆ. ಜಗತ್ತಿನಲ್ಲಿ ಅದನ್ನು ಎಲ್ಲಕ್ಕಿಂತ ಹೆಚ್ಚು ಬೆಳೆಯುವ ದೇಶ ಟರ್ಕಿ. ಅಲ್ಲಿ ಆ ಬೀಜದ ಬಕ್ಲಾವ. ಯುರೋಪಿನ ಕಡೆಯ ಥ್ರೇಸ್ ಭಾಗದಲ್ಲಿ ಎಳ್ಳು ಹಾಕುತ್ತಾರೆ. ಕಪ್ಪು ಸಮುದ್ರದ ದಂಡೆಯ ಲಾಜ್ ಜನ ಇದೇ ಹಾಳೆಗಳ ನಡುವೆ ಹಾಲಿನ ಗಟ್ಟಿ ಪಾಯಸದಂಥದ್ದು ತುಂಬಿ, ಅದಕ್ಕೆ ಚೂರು ಮೆಣಸಿನ ಕಾಳಿನ ಪುಡಿಯನ್ನೂ ಹಾಕುತ್ತಾರೆ.

ಆಕಾರಕ್ಕೆ ತಕ್ಕಂತೆ ಹೆಸರೂ ಬೇರೆ. ಸುತ್ತಿ ನಡುವೆ ಗುಳಿ ಬಿಟ್ಟದ್ದಕ್ಕೆ "ಬುಲ್‌ಬುಲ್ ಹಕ್ಕಿಯ ಗೂಡು" ಎಂಬ ಅರ್ಥದ ಹೆಸರು. ಪಾಕದ ಬದಲು ಹಾಲು ಸುರಿದದ್ದಕ್ಕೆ "ಹಾಲಿನ ನೂರಿಯೆ" ಎಂಬ ಅರ್ಥದ ಹೆಸರು. ಒಬ್ಬ ಹೆಣ್ಣುಮಗಳ ಹೆಸರು ಒಂದು ಸಿಹಿಗೆ!

ದೇಶದ ಗಡಿ ದಾಟಿದರೂ ಬಕ್ಲಾವ ಸಿಗುತ್ತದೆ. ಗ್ರೀಸಿನಲ್ಲಿ ಅಕ್ರೋಟಿನ ಜೊತೆ ದಾಲ್ಚಿನ್ನಿ, ಲವಂಗ. ಸಿರಿಯಾ, ಲೆಬನಾನ್‌ನಲ್ಲಿ ಪಾಕಕ್ಕೆ ಗುಲಾಬಿ ನೀರು ಅಥವಾ ಕಿತ್ತಳೆ ಹೂವಿನ ನೀರು. ಇರಾನಿನ ಯಜ್ದ್ ಊರಿನಲ್ಲಿ ಬಾದಾಮಿ, ಏಲಕ್ಕಿ. ಅಜರ್‌ಬೈಜಾನಿನಲ್ಲಿ ಪದರು ಕಡಿಮೆ ಮತ್ತು ದಪ್ಪ, ಮೇಲೆ ಕೇಸರಿ. ಮಾರ್ಚ್ ತಿಂಗಳ ಹೊಸ ವರ್ಷದ ಹಬ್ಬಕ್ಕೆ ಅಲ್ಲಿ ಅದು ಬೇಕು.

ಇಷ್ಟು ಕಡೆ ಇದ್ದ ಮೇಲೆ ಜಗಳ ಬಾರದೆ ಇರುತ್ತದೆಯೇ? 2006ರಲ್ಲಿ ಯುರೋಪಿನ ಒಂದು ಪ್ರಚಾರ ಚಿತ್ರದಲ್ಲಿ ಬಕ್ಲಾವವನ್ನು ಸೈಪ್ರಸ್ ದೇಶದ ಸಿಹಿ ಎಂದು ತೋರಿಸಿದರು. ಟರ್ಕಿಯ ಬಕ್ಲಾವ ಮಾಡುವವರು ಸಿಟ್ಟಾಗಿ ಇಸ್ತಾಂಬುಲ್‌ನಲ್ಲಿ ಪ್ರತಿಭಟನೆ ಮಾಡಿದರು. ಆದರೆ ಆಂಟೆಪ್ ಊರಿಗೆ ಕೊನೆಗೆ ನೆರವಾದದ್ದು ಘೋಷಣೆ ಅಲ್ಲ, ಬರವಣಿಗೆ. ತಮ್ಮ ಬಕ್ಲಾವಕ್ಕೆ ಯಾವ ಪಿಸ್ತಾ, ಯಾವ ತುಪ್ಪ, ಹೇಗೆ ಲಟ್ಟಿಸುವುದು, ಹೇಗೆ ಬೇಯಿಸುವುದು ಎಲ್ಲವನ್ನೂ ಬರೆದು ಅರ್ಜಿ ಕೊಟ್ಟರು. 2013ರಲ್ಲಿ ಯುರೋಪ್ ಒಕ್ಕೂಟ "ಆಂಟೆಪ್ ಬಕ್ಲಾವ" ಎಂಬ ಹೆಸರನ್ನು ನೋಂದಾಯಿಸಿತು. ಟರ್ಕಿ ದೇಶದ ಪದಾರ್ಥಗಳಲ್ಲಿ ಈ ಮನ್ನಣೆ ಮೊದಲು ಸಿಕ್ಕದ್ದು ಅದಕ್ಕೇ. ನಮ್ಮ ಸೊಲ್ಲಾಪುರದ ಚಾದರಕ್ಕೆ, ಧಾರವಾಡ ಪೇಡೆಗೆ ಜಿ.ಐ. ಗುರುತು ಇದೆಯಲ್ಲ, ಅಂಥದ್ದೇ ಇದು. ನೆನಪಿಡಿ, ಬಕ್ಲಾವ ಇಡೀ ನಮ್ಮದೇ ಅಂತ ಅದರ ಅರ್ಥ ಅಲ್ಲ. ನಮ್ಮ ಊರಿನಲ್ಲಿ ಹೀಗೆ ಮಾಡುತ್ತೇವೆ ಅಂತ ಅರ್ಥ. ಪಕ್ಕದವರು ತಮ್ಮ ರೀತಿ ಮಾಡಿಕೊಳ್ಳಲಿಕ್ಕೆ ಅಡ್ಡಿ ಇಲ್ಲ.

ನೋಡ್ರಿ, 1473ರಲ್ಲಿ ಯಾರೋ ಒಬ್ಬ ಗುಮಾಸ್ತ ಅಡುಗೆ ಮನೆಯ ಖರ್ಚು ಬರೆದ. ಇತಿಹಾಸ ಬರೆಯಬೇಕು ಅಂತ ಅವನು ಕುಳಿತಿರಲಿಲ್ಲ. ಆ ಲೆಕ್ಕದ ಸಾಲು 500 ವರ್ಷ ದಾಟಿ ನಮ್ಮ ತನಕ ಬಂತು. ಅದಕ್ಕಿಂತ ಮೊದಲು ಎಷ್ಟು ಅವ್ವಂದಿರು ಎಷ್ಟು ಪರಾತ ತುಂಬಿದ್ದರೋ, ಅವರ ಹೆಸರು ಇಲ್ಲ.

ಇನ್ನೊಂದು ಸಂಗತಿ ನಿಮಗೆ ಹೇಳಲೇಬೇಕು. 1928ರಲ್ಲಿ ಟರ್ಕಿ ತನ್ನ ಲಿಪಿಯನ್ನೇ ಬದಲಿಸಿತು. ಅರಬ್ಬಿ ಅಕ್ಷರ ಬಿಟ್ಟು ಇಂಗ್ಲಿಷಿನಂಥ ಅಕ್ಷರ ತಂದರು. ಓದಿದವರೂ ಮತ್ತೆ ಒಂದನೇ ಪಾಠದಿಂದ ಕಲಿಯಬೇಕಾಯಿತು. ಅಧ್ಯಕ್ಷ ಮುಸ್ತಫಾ ಕೆಮಾಲ್ ತಾವೇ ಕರಿಹಲಗೆಯ ಮುಂದೆ ನಿಂತು ಅಕ್ಷರ ತೋರಿಸಿದರು. 1929ರಲ್ಲಿ ದೊಡ್ಡವರಿಗಾಗಿ ದೇಶದ ತುಂಬ ಶಾಲೆ ತೆರೆದರು. ನಿಮ್ಮ ಹಾಗೆ ಅಲ್ಲಿಯೂ ಅವ್ವಂದಿರು, ಅಪ್ಪಂದಿರು ಬೆಂಚಿನ ಮೇಲೆ ಕುಳಿತು ಅಕ್ಷರ ತಿದ್ದಿದರು.

2023ರ ಫೆಬ್ರವರಿ 6ರಂದು ಆಂಟೆಪ್ ಇರುವ ಆ ಸೀಮೆಯಲ್ಲಿ ದೊಡ್ಡ ಭೂಕಂಪ ಆಯಿತು. ಟರ್ಕಿಯಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಂಟೆಪ್ ಊರಿನ ಹಳೆಯ ಕೋಟೆಯ ಗೋಡೆ ಕುಸಿಯಿತು. ಭೂಕಂಪ ಅಂದ್ರ ಏನು ಅಂತ ನಮ್ಮ ಭಾಗಕ್ಕೆ ಯಾರೂ ಹೇಳಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿಯ ರಾತ್ರಿಯನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಮನೆ ಬಿದ್ದರೆ ಮತ್ತೆ ಕಟ್ಟಬಹುದು. ಮನುಷ್ಯರ ಜೊತೆ ಅವರ ಕೈಯ ವಿದ್ಯೆ ಹೋದರೆ ಎಲ್ಲಿಂದ ತರುವುದು?

ನನ್ನ ಮನೆಯ ಮಾತೇ ಹೇಳ್ತೀನಿ. ನನ್ನ ಅಜ್ಜಿ ದೀಪಾವಳಿಗೆ ಚಿರೋಟಿ ಮಾಡುತ್ತಿದ್ದಳು. ಪದರು ಎಣಿಸಬಹುದಿತ್ತು. "ಎಷ್ಟು ತುಪ್ಪ ಅಜ್ಜಿ?" ಅಂದರೆ "ಹಿಟ್ಟು ಕೈಗೆ ಹೇಳ್ತದ" ಅನ್ನುತ್ತಿದ್ದಳು. ನಾನು ಬಿ.ಎ. ಓದಿದಾಕಿ. ಪರೀಕ್ಷೆಗೆ ನೋಟ್ಸ್ ಬರೆದು ಬರೆದು ಬೆರಳು ನೋಯಿಸಿಕೊಂಡೆ. ಅಜ್ಜಿಯ ಮುಂದೆ ಕುಳಿತು ಒಂದು ಸಾಲು ಬರೆಯಲಿಲ್ಲ. ಆಕೆ ಹೋದ ಮೇಲೆ ನಾನು, ನಮ್ಮವ್ವ ಮೂರು ದೀಪಾವಳಿ ಪ್ರಯತ್ನ ಮಾಡಿದೆವು. ಒಂದು ಸಲ ಎಣ್ಣೆಯಲ್ಲಿ ಬಿಚ್ಚಿಕೊಂಡವು. ಒಂದು ಸಲ ಕಲ್ಲಾದವು. ಮೂರನೇ ಸಲ ತಿನ್ನಲಿಕ್ಕೆ ಬಂತು, ಆದರೆ ಅದು ಅಜ್ಜಿಯ ಚಿರೋಟಿ ಅಲ್ಲ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ತಪ್ಪು ನನ್ನದು.

ನಿಮ್ಮಲ್ಲಿ ಕೆಲವರು ಹೇಳ್ತೀರಿ: "ನಾವು ಗಡಿಯವರು. ಮನಿಯಾಗ ಕನ್ನಡ, ಬಜಾರದಾಗ ಮರಾಠಿ. ನಮ್ಮ ಕನ್ನಡ ಸುದ್ದ ಇಲ್ರೀ, ಬರೀಲಿಕ್ಕೆ ನಾಚಿಕಿ." ಆಂಟೆಪ್ ಊರೂ ಸಿರಿಯಾದ ಗಡಿಗೆ ಹತ್ತಿರವೇ. ಅವರ ಬಕ್ಲಾವದಲ್ಲಿ ಅರಬ್ಬಿ ಶಬ್ದ ಇದೆ, ಪಾರಸಿ ಶಬ್ದ ಇದೆ. ಅದರಿಂದ ಅದರ ರುಚಿ ಕೆಟ್ಟಿಲ್ಲ. ನೀವು ಆಡುವ ಮಾತಿನಲ್ಲೇ ಬರೀರಿ. ಕಾಗುಣಿತ ತಪ್ಪಿದರೆ ನಾನು ತಿದ್ದಿ ಕೊಡ್ತೀನಿ. ಮಾತು ತಿದ್ದುವುದಿಲ್ಲ.

ಮುಂದಿನ ವಾರಕ್ಕೆ ಇದೇ ಅಭ್ಯಾಸ. ಪ್ರತಿಯೊಬ್ಬರೂ ನಿಮ್ಮ ಮನೆಯ ಒಂದು ಅಡುಗೆ ಬರೆದು ತರಬೇಕು. ಹತ್ತು ಸಾಲು ಸಾಕು. ಯಾವ ಹಿಟ್ಟು, ಎಷ್ಟು, ಎಷ್ಟು ಹೊತ್ತು. "ಒಂದು ಹಿಡಿ" ಅಂತ ಬರೆಯುವ ಮೊದಲು ಆ ಹಿಡಿಯನ್ನು ಒಂದು ವಾಟಗಕ್ಕೆ ಹಾಕಿ ಅಳೆದು ನೋಡ್ರಿ. ಯಾರಿಂದ ಕಲಿತಿರಿ, ಅವರ ಹೆಸರು ಬರೀರಿ. ಕೆಳಗೆ ನಿಮ್ಮ ಹೆಸರು, ಊರು, ತಾರೀಖು. ಹೆಬ್ಬೆಟ್ಟು ಬೇಡ, ಸಹಿ ಬೇಕು. ಮನೆಯಲ್ಲಿ ಅಕ್ಷರ ಬಾರದ ಅತ್ತೆ, ಅಜ್ಜಿ ಇದ್ದರೆ ಅವರ ಮುಂದೆ ಕುಳಿತು ಕೇಳಿ ಬರೀರಿ. ನಾಳೆ ಅನ್ನಬೇಡಿ.

ಡಬ್ಬಿ ತಂದ ಅವ್ವಗ ನನ್ನ ಉತ್ತರ ಇಷ್ಟು: ಇದು ನಮ್ಮ ಚಿರೋಟಿ ಅಲ್ಲ ಅವ್ವ. ನಮ್ಮ ಚಿರೋಟಿ ಹೆಂಗ ಮಾಡೂದು ಅಂತ ನೀವ ಬರದ ತರ್ರಿ. ಮೊದಲು ನಾನ ಓದ್ತೀನಿ.